ಸಾರೇನು ಗುಡ್ಡ

ಯರೆಹಳ್ಳಿಯ ಬಡಗಣ ದಿಕ್ಕಿಗೆ, ಬಂಡೆಯ ಮೇಲೆ ಬಂಡೆ ಕೂತಿರುವ ಗುಡ್ಡದ ನೆತ್ತಿಯುದ್ದಕ್ಕೂ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಯೊಂದು ಇಂದಿಗೂ ಹರಿದಿದೆ. ಅಲ್ಲಲ್ಲಿ ಕುಸಿದು ಸೀತಾಫಲದ ಗಿಡಗಳೆದ್ದಿವೆ. ಆದರೂ ಪಡುವಣ ತುದಿಯಲ್ಲಿ ಎರಡು ಬತೇರಿಗಳು, ಅಂದರೆ ಕಾವಲು ಗೋಪುರಗಳು, ಒಂದನ್ನೊಂದು ನೋಡುತ್ತ ನಿಂತಿವೆ. ಕೆಳಗಿನ ಫಲಕದಲ್ಲಿ ಗುಡ್ಡಕ್ಕೆ ಯಾವುದೋ ಗಂಭೀರವಾದ ಹೆಸರಿದೆ. ಸುತ್ತಲಿನವರಿಗೆ ಮಾತ್ರ ಇದು ಸಾರೇನು ಗುಡ್ಡ. ಹೆಸರು ಕೇಳಿ ನಗುವವರು ಕತೆ ಕೇಳುವವರೆಗೆ ನಗಬಹುದು.

ಹಿಂದೆ ಒಮ್ಮೆ ಇದು ಇಬ್ಬರು ಪಾಳೆಯಗಾರರ ನಡುವಿನ ಗಡಿಯಾಗಿತ್ತು. ಬಡಗಣವರು ಸುಗ್ಗಿ ಬಂತೆಂದರೆ ಗುಡ್ಡ ದಾಟಿ ಕಣ ದೋಚುತ್ತಿದ್ದರಿಂದ ತೆಂಕಣ ನಾಯಕ ಗೋಡೆ ಹಾಕಿಸಿದ. ಊರಿಗೊಂದು ಪಾಲು ಹಂಚಿಕೊಂಡು, ತಮ್ಮ ಪಾಲು ಪಕ್ಕದೂರಿನದಕ್ಕಿಂತ ಗೇಣಾದರೂ ಎತ್ತರವಿರಬೇಕೆಂದು ಜಿದ್ದಿಗೆ ಬಿದ್ದು ಕಟ್ಟಿದರು. ಗೋಡೆಯ ತಲೆ ಹೀಗೆ ಏರಿಳಿಯುವುದು ಆ ಜಿದ್ದಿನಿಂದಲೇ ಎನ್ನುತ್ತಾರೆ. ಕಾವಲಿಗೆ ಬತೇರಿಗೊಂದು ಸಂಸಾರ, ಅವರ ಹೊಟ್ಟೆಗೆ ಗುಡ್ಡದ ಬುಡದಲ್ಲೊಂದು ಹೊಲ. ದೀಪ ಹಚ್ಚುವ ಹೊತ್ತಿಗೆ 'ಎಚ್ಚರ' ಎಂಬ ಕೂಗು ಮೂಡಣದಿಂದ ಹೊರಟು, ಬತೇರಿಯಿಂದ ಬತೇರಿಗೆ ದಾಟಿ, ಪಡುವಣ ತುದಿ ಮುಟ್ಟಿ ಹಿಂದಿರುಗಬೇಕೆಂಬುದು ನಾಯಕನ ಕಟ್ಟಳೆ. ವರ್ಷಗಟ್ಟಲೆ ಒಂದೇ ಮಾತು ಕೂಗಿದರೆ ಯಾರಿಗೆ ಬೇಸರವಾಗದು? ಕಾವಲಿನವರು ಅದರ ಬಾಲಕ್ಕೆ 'ಸಾರೇನು?' ಎಂದು ಸೇರಿಸಿಕೊಂಡರು. ಹುರುಳಿ, ಹುಣಸೆ, ಬರೀ ಉಪ್ಪುನೀರು, ಇದ್ದದ್ದು ಇದ್ದಂತೆ ಉತ್ತರ ಬರುತ್ತಿತ್ತು.

ತುದಿಯ ಬತೇರಿಯಲ್ಲಿ ಕಾಟಯ್ಯ. ಹೆಂಡತಿ ಬಾಣಂತನಕ್ಕೆ ಹೋಗಿದ್ದರಿಂದ ಅವನದೇ ಕೈಯಡುಗೆ. ಅದರ ಪಕ್ಕದ್ದರಲ್ಲಿ ಪಾಲಮ್ಮ ಮತ್ತವಳ ಗಂಡ ಬೋರಯ್ಯ. ಈ ಬೋರಯ್ಯ ಹಿಂದಿನ ಸುಗ್ಗಿಯಲ್ಲಿ ಕುರಿಮಂದೆಯ ದೂಳನ್ನು ದಂಡೆಂದು ತಿಳಿದು ಎಚ್ಚರಿಕೆಯ ಬೆಂಕಿ ಹಾಕಿ, ಇಡೀ ಸೀಮೆಯನ್ನು ಕೊಯ್ಲು ಬಿಡಿಸಿ ಗುಡ್ಡ ಹತ್ತಿಸಿದ್ದ. ಇನ್ನೊಮ್ಮೆ ಸುಳ್ಳು ಬೆಂಕಿ ಬಿದ್ದರೆ ಬತೇರಿಯೂ ಇಲ್ಲ, ಹೊಲವೂ ಇಲ್ಲ ಎಂದು ನಾಯಕ ಹೇಳಿ ಕಳಿಸಿದ್ದ.

ಮರುವರ್ಷದ ಸುಗ್ಗಿ. ಪಾಲಮ್ಮ ಸಜ್ಜೆ ಮುದ್ದೆ ತಿರುವುತ್ತಿದ್ದಳು. ಬೋರಯ್ಯನ ಕೂಗಿಗೆ ಪಡುವಣದಿಂದ ಉತ್ತರ ಬಂತು: 'ಎಚ್ಚರ. ಅನ್ನ, ತುಪ್ಪ.' ಅಷ್ಟು ದೂರಕ್ಕೆ, ಆ ಗಾಳಿಗೆ ಎಲ್ಲರ ದನಿಯೂ ಒಂದೇ. ಆದರೂ ಪಾಲಮ್ಮನ ಕೈಯ ಕೋಲು ನಿಂತಿತು. ಯಾರೋ ನೆಂಟರು ತಂದಿರಬೇಕು ಎಂದ ಬೋರಯ್ಯ.

"ಮೊನ್ನೆ ಸಾರಿಗೆ ಒಂದು ಬದನೆಕಾಯಿ ಬಿದ್ದದ್ದಕ್ಕೆ ಮೂರು ದಿನ ಕೂಗಿದ ಮನುಷ್ಯ," ಎಂದಳು ಪಾಲಮ್ಮ. "ತುಪ್ಪ ಉಂಡು ಇಷ್ಟಕ್ಕೇ ಬಾಯಿ ಮುಚ್ಚುತ್ತಾನಾ?"

"ಹೊಲ ಹೋಗ್ತದೆ ಕಣೇ."

ಹೊಲ ಅವಳಿಗೂ ಕಾಣುತ್ತಿತ್ತು. ತೆನೆ ಬಾಗಿದ ಸಜ್ಜೆ, ಇನ್ನೂ ಕೊಯ್ದಿರಲಿಲ್ಲ. ಒಂದು ಗಳಿಗೆ ನೋಡಿದಳು. ಆಮೇಲೆ ಮುದ್ದೆಯ ಗಡಿಗೆಯಡಿಯ ಕೊಳ್ಳಿಯನ್ನೇ ಎಳೆದು, ಎಚ್ಚರಿಕೆಗೆಂದು ಒಟ್ಟಿದ್ದ ಸೌದೆಯ ರಾಶಿಗೆ ಇಟ್ಟಳು.

ಬತೇರಿಯಿಂದ ಬತೇರಿಗೆ ಬೆಂಕಿ ಹತ್ತಿತು. ಬೈದುಕೊಳ್ಳುತ್ತ, ಕುಡುಗೋಲು ಹಿಡಿದೇ ಜನ ಹತ್ತಿ ಬಂದರು. ತುದಿಯ ಬತೇರಿಯನ್ನು ಹಿಡಿದು, ಗೋಡೆಯವರೆಲ್ಲ ಉಣ್ಣಲು ಕೂರಲೆಂದು ಕಾದಿದ್ದ ಬಡಗಣವರು ಬಂದ ದಾರಿಗೇ ಓಡಬೇಕಾಯಿತು. ಒಳಗೆ ಕಾಟಯ್ಯ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ. ಒಂದು ಕಿವಿ ಕೊಯ್ದಿದ್ದರು.

"ಕುತ್ತಿಗೆಗೆ ಕತ್ತಿ ಇಟ್ಟು ಸಾರೇನು ಅಂತ ಕೇಳಿದರು," ಎಂದನಂತೆ. "ಹುರುಳಿ ಸಾರು ಒಲೆ ಮೇಲೇ ಇತ್ತು, ಮುಚ್ಚಿದ್ದೆ. ತುಪ್ಪ ಅಂದೆ. ಅವರ ಮನೇಲಿ ದಿನಾ ಉಣ್ತಾರೇನೋ, ನಂಬಿ ಅದನ್ನೇ ಕೂಗಿದರು. ಪಾಲಕ್ಕ ನಂಬಲ್ಲ ಅಂತ ಗೊತ್ತಿತ್ತು."

ನಾಯಕ ಹೊಲವನ್ನು ಮುಟ್ಟಲಿಲ್ಲ. ಸಾರು ಕೇಳುವುದನ್ನೇ ಕಟ್ಟಳೆ ಮಾಡಿದ ಎನ್ನುತ್ತಾರೆ.

ಪಾಲಮ್ಮನ ಬತೇರಿಯ ನೆತ್ತಿಯ ಕಲ್ಲಿನಲ್ಲಿ ಮಸಿಯಂಥ ಕಪ್ಪು ಈಗಲೂ ಇದೆ. ಗುಡ್ಡ ಹತ್ತಿದವರು ಬುತ್ತಿ ಬಿಚ್ಚುವ ಮೊದಲು ಅಲ್ಲಿ ನಿಂತು ಪಡುವಣಕ್ಕೆ 'ಸಾರೇನು?' ಎಂದು ಕೂಗುತ್ತಾರೆ. ಆಚೆ ಬತೇರಿಯಲ್ಲಿ ಇದ್ದವರು, ಗುರುತಿಲ್ಲದಿದ್ದರೂ, ಚಿತ್ರಾನ್ನವೆಂದೋ ಬಿಸ್ಕತ್ತೆಂದೋ ತಂದದ್ದನ್ನು ಕೂಗಿ ಹೇಳುತ್ತಾರೆ. ಡಬ್ಬಿಯ ತುಂಬ ತಂದಿದ್ದರೂ, ತುಪ್ಪವೆಂದು ಮಾತ್ರ ಯಾರೂ ಕೂಗುವುದಿಲ್ಲ.