ಆಜ್ಞೆಗಳ ನಿಘಂಟು ಮತ್ತು ಎತ್ತಿದ ದಿಮ್ಮಿ

ಕಾಡಿನಲ್ಲಿ ಯಾರು ಬೇಕಾದರೂ ಚೀಟಿ ಬರೆದು ಆನೆಯಮ್ಮನಿಂದ ಕೆಲಸ ಮಾಡಿಸಿಕೊಳ್ಳಬಹುದು, ಆದರೆ ನಿಘಂಟಿನಲ್ಲಿರುವ ಆಜ್ಞೆಗಳನ್ನಷ್ಟೇ ಬರೆಯಬೇಕು, ಅವಳೂ ಅಷ್ಟನ್ನೇ ಮಾಡಬೇಕು ಎಂದು ಸಭೆ ತೀರ್ಮಾನಿಸಿತು. ನಿಘಂಟಿನ ಹೊಣೆ ಗಿಳಿ ಪಂಡಿತರ ಹೆಗಲೇರಿತು.

ಆರು ತಿಂಗಳಾದ ಮೇಲೆ ಪಂಡಿತರು ಮುತ್ತುಗದ ಎಲೆಗಳ ಕಟ್ಟನ್ನು ಬಿಚ್ಚಿದರು. ಆನೆಯಮ್ಮ ಓದಿ ಹಣೆ ಹಣೆ ಬಡಿದುಕೊಂಡಳು.

"ಮೇಲೆತ್ತು, ಏರಿಸು, ಎತ್ತರಿಸು, ಉನ್ನತಗೊಳಿಸು! ಪಂಡಿತರೇ, ನನಗಿರುವುದು ಒಂದೇ ಸೊಂಡಿಲು. ಇವೆಲ್ಲ ಬೇರೆ ಬೇರೆ ಕೆಲಸವೇ?"

"ಕೆಲಸ ಒಂದೇ, ಗಾಂಭೀರ್ಯ ಬೇರೆ."

"ಸರಿ, ಎತ್ತಿದ್ದನ್ನು ಇಳಿಸುವುದಕ್ಕೆ ಪದವೆಲ್ಲಿ?"

"ಯೋಗ್ಯವಾದ ಪದ ಇನ್ನೂ ಪರಿಶೀಲನೆಯಲ್ಲಿದೆ."

ಅಷ್ಟರಲ್ಲಿ ಮೊಲವೊಂದು ಏದುಸಿರು ಬಿಡುತ್ತ ಚೀಟಿ ತಂದಿತು. ಅದರ ಬಿಲದ ಬಾಯಿಗೆ ದಿಮ್ಮಿ ಉರುಳಿ, ಮರಿಗಳು ಒಳಗೇ ಸಿಕ್ಕಿಕೊಂಡಿದ್ದವು. ಚೀಟಿಯಲ್ಲಿ 'ಮೇಲೆತ್ತು' ಎಂದಿತ್ತು. ಆನೆಯಮ್ಮ ಎತ್ತಿದಳು, ಮರಿಗಳು ಹೊರಗೋಡಿ ಬಂದವು. ದಿಮ್ಮಿ ಮಾತ್ರ ಸೊಂಡಿಲಿನಲ್ಲೇ ಉಳಿಯಿತು.

"ಪದ ಕೊಡಿ, ಪಂಡಿತರೇ!"

ನಿಘಂಟಿನ ಕಟ್ಟು ಹಿಡಿದು ಜೊತೆಗೇ ಬಂದಿದ್ದ ಪಂಡಿತರು ಅದನ್ನು ಬಿಲದ ಪಕ್ಕದಲ್ಲಿಟ್ಟು, ಅಲ್ಲೇ ಉಪಸಮಿತಿ ಕರೆದರು. ಗೂಬೆ 'ಅವರೋಹಣ' ಎಂದಿತು. ಕೊಕ್ಕರೆ 'ಭೂಸ್ಪರ್ಶ' ಎಂದು ಪಟ್ಟು ಹಿಡಿಯಿತು. ಜಗಳ ಬಗೆಹರಿಯದೆ ಎಲ್ಲರೂ ಊಟಕ್ಕೆ ಎದ್ದರು. ಆನೆಯಮ್ಮನ ಕತ್ತು ಸೆಟೆದು, ಕಾಲು ನಡುಗತೊಡಗಿತು.

ಧಡಾರ್ ಎಂದು ಸದ್ದಾಯಿತು. ದಿಮ್ಮಿ ನಿಘಂಟಿನ ಕಟ್ಟಿನ ಮೇಲೆಯೇ ಬಿದ್ದಿತ್ತು.

"ಅಂಥ ಆಜ್ಞೆಯೇ ನಿಘಂಟಿನಲ್ಲಿಲ್ಲವಲ್ಲ!" ಎಂದು ಸದ್ದಿಗೆ ಹಾರಿ ಬಂದ ಪಂಡಿತರು ಕಿರುಚಿದರು.

"ಆಜ್ಞೆ ಇರಲಿಲ್ಲ, ಪಂಡಿತರೇ," ಎಂದಳು ಆನೆಯಮ್ಮ, ಸೊಂಡಿಲು ಜಾಡಿಸುತ್ತ. "ಭಾರ ಇತ್ತು."