ಹಂಚಿದ ಹಸಾದ

ಚಿಕ್ಕಗಿರಿಯ ದೊರೆ ಬಸವಂತನಾಯಕನಿಗೆ ಹಳೆಯದೆಂದರೆ ಪ್ರಾಣ. ಹಳೆಯ ಕತ್ತಿ, ಹಳೆಯ ಉಪ್ಪಿನಕಾಯಿ, ಹಳೆಯ ಹೊಗಳುಭಟರು. ಒಮ್ಮೆ ಪರವೂರಿನ ಪಂಡಿತನೊಬ್ಬ ಅವನ ಕಿವಿ ಊದಿದ.

"ಹಿಂದಿನ ಆಸ್ಥಾನಗಳಲ್ಲಿ ಯಾರೂ ಬರೀ ‘ಹೌದು’ ಎನ್ನುತ್ತಿರಲಿಲ್ಲ, ಪ್ರಭು. ಕೈಯೊಡ್ಡಿ ‘ಹಸಾದ’ ಎನ್ನುತ್ತಿದ್ದರು. ತಮ್ಮ ಅಪ್ಪಣೆಯೇ ನಮಗೆ ಪ್ರಸಾದ, ಸ್ವೀಕರಿಸಿದೆವು ಅಂತ."

ದೊರೆ ಉಬ್ಬಿಹೋದ. "ಇನ್ನು ನಾನು ಏನು ಹೇಳಿದರೂ ‘ಹಸಾದ’. ಬೇರೆ ಮಾತಾಡಿದವನಿಗೆ ಇಲ್ಲಿ ಕೆಲಸವಿಲ್ಲ!"

"ಹಸಾದ!" ಎಂದಿತು ಸಭೆ.

ಆಮೇಲೆ ಏನು ಕೇಳುತ್ತೀರಿ! ದೊರೆ ಸೀನಿದರೂ ಹಸಾದ.

ಒಂದು ಬೆಳಿಗ್ಗೆ ದೊರೆ ಕಿಟಕಿಯ ಬಳಿ ಕೆಮ್ಮಿದ. "ಕುಂಬಾರ ಸಂಕವ್ವ ಗಡಿಗೆ ಸುಡುವ ಆವಿಗೆಯ ಹೊಗೆ ಅರಮನೆಗೇ ನುಗ್ಗುತ್ತಿದೆ. ಇನ್ನು ಆ ಬೆಂಕಿ ಉರಿಯಕೂಡದು!"

"ಹಸಾದ!"

ಸುದ್ದಿ ತಿಳಿದ ಸಂಕವ್ವ ಆಸ್ಥಾನದ ವಿದೂಷಕ ಸೋವಪ್ಪನ ಬಳಿ ಓಡಿಬಂದಳು. "ಯಪ್ಪಾ, ಹಸಿ ಗಡಿಗೆ ಯಾರು ಕೊಳ್ತಾರೆ? ಬೆಂಕಿ ಇಲ್ದಿದ್ರೆ ನಾನು ಮಣ್ಣೇ ತಿನ್ನಬೇಕು."

"ಅಳಬೇಡ ಅವ್ವಾ. ಊಟದ ಹೊತ್ತಿನವರೆಗೆ ತಡಿ" ಎಂದ ಸೋವಪ್ಪ.

ಮಧ್ಯಾಹ್ನ ದೊರೆ ಊಟಕ್ಕೆ ಕೂತ. ಎಲೆ ಖಾಲಿ.

"ಅನ್ನ ಎಲ್ಲಯ್ಯ?"

"ಹಸಾದ" ಎಂದರು ಅಡುಗೆ ಭಟ್ಟರು, ಅಳುಮೋರೆ ಹಾಕಿ.

"ಎಲ್ಲಿ ಅಂದೆ!"

"ಹಸಾದ, ಪ್ರಭು!"

ಅಷ್ಟರಲ್ಲಿ ಸೋವಪ್ಪ ಖಾಲಿ ಕೊಡ ಹಿಡಿದು ಬಂದ. "ಹಸಾದ! ಒಲೆಗೆ ನೀರು ಹೊಯ್ದವನು ನಾನೇ, ಪ್ರಭು."

"ತಲೆ ಕೆಟ್ಟಿದೆಯೇನೋ ನಿನಗೆ?"

"ತಮ್ಮ ಅಪ್ಪಣೆ ಪ್ರಸಾದವಲ್ಲವೇ? ಸಂಕವ್ವನೊಬ್ಬಳಿಗೇ ಬಡಿಸಿ ಉಳಿದವರಿಗೆ ತಪ್ಪಿಸಿದರೆ ಪಂಕ್ತಿಭೇದದ ಪಾಪ ತಮಗೇ ಸುತ್ತಿಕೊಳ್ಳುತ್ತದೆ. ಅದಕ್ಕೇ ಊರಿನ ಬೆಂಕಿಗೆಲ್ಲ ಹಂಚಲು ಹೊರಟೆ. ಅರಮನೆಯಿಂದಲೇ ಶುರು ಮಾಡಿದೆ."

ದೊರೆಯ ಹೊಟ್ಟೆ ಗುರ್ರೆಂದಿತು. ಇಡೀ ಆಸ್ಥಾನದಲ್ಲಿ ಹಸಾದ ಎನ್ನದೆ ಇದ್ದದ್ದು ಅದೊಂದೇ.

"ಸಾಕು! ಮೊದಲು ಬೆಂಕಿ ಹೊತ್ತಿಸು!"

"ಹಸಾದ! ಇದೂ ಪ್ರಸಾದವೇ. ಇದನ್ನೂ ಎಲ್ಲರಿಗೂ ಹಂಚಲೇ?"

ದೊರೆ ಅವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. "ಹಂಚಯ್ಯ, ಸಂಕವ್ವನ ಆವಿಗೆಗೂ ಹಂಚು. ಇನ್ನು ಮೇಲೆ ಎಲ್ಲರೂ ಇದ್ದದ್ದು ಇದ್ದ ಹಾಗೆ ಹೇಳಿ."

ಭಟ್ಟರು ಕಾದಿದ್ದವರಂತೆ ಬಾಯಿಬಿಟ್ಟರು. "ಹಾಗಾದರೆ ಪ್ರಭು, ತಮ್ಮ ಉಪ್ಪಿನಕಾಯಿಗೆ ಹುಳ ಬಿದ್ದು ವರ್ಷವಾಯಿತು."

ಅಂತೂ ಬಿಸಿ ಅನ್ನ ಎಲೆಗೆ ಬಿತ್ತು. ದೊರೆ ಮೊದಲ ತುತ್ತೆತ್ತುವಷ್ಟರಲ್ಲಿ ಕಿಟಕಿಯಿಂದ ಆವಿಗೆಯ ಹೊಗೆ ದಟ್ಟವಾಗಿ ಒಳಗೆ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಅವನ ಮುಖ ನೋಡಿದರು.

ದೊರೆ ಚೆನ್ನಾಗಿ ಕೆಮ್ಮಿದ. ಕಣ್ಣೊರೆಸಿಕೊಂಡ. ಆಮೇಲೆ ಹೊಗೆಗೆ ಕೈಯೊಡ್ಡಿ ಅಂದ:

"ಹಸಾದ!"