ಮಾಳ್ಯಾನೂ ಬಾಣಿಯ ಮೂರು ಎಲುಬೂ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಕಾಲೇಜು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಕಲ್ಲವ್ವ. ನಾವು ತಾಟು ಹಿಡಿದು ಸಾಲಿನಲ್ಲಿ ನಿಂತಿರುತ್ತಿದ್ದೆವು, ಅವಳು ಬಡಿಯುತ್ತಾ ಬಡಿಯುತ್ತಾ ಹೇಳುವಳು. ಹೆಂಚಿನ ಮೇಲೆ ರೊಟ್ಟಿ ಹೊತ್ತಿದರೂ ಯಾರೂ ಎಚ್ಚರಿಸುತ್ತಿರಲಿಲ್ಲ, ಎಲ್ಲಿ ಕತೆ ನಿಂತುಬಿಡುತ್ತದೋ ಅಂತ. ಅವಳು ಹೇಳಿದ್ದು ಹೀಗೆ.

ಒಂದೂರಲ್ಲಿ ಬೀರವ್ವ ಅಂತ ಕುರಿ ಕಾಯುವ ಹೆಂಗಸು. ಅವಳಿಗೆ ನಲವತ್ತು ಕುರಿ, ಒಂದು ನಾಯಿ, ಒಬ್ಬ ಮಗ. ಕುರಿಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾಯಿ ಕೇಳುತ್ತಿತ್ತು. ಮಗ ಮಾಳಪ್ಪನಂತೂ ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಹಾಗೆಯೇ ಕೇಳುತ್ತಿದ್ದ. ಬೀರವ್ವನಿಗಿದ್ದ ದೊಡ್ಡ ಸಂಕಟ ಅದೇ.

“ಮಾಳ್ಯಾ, ಒಲಿ ಮ್ಯಾಲ ಹಾಲು ಉಕ್ಕತೈತಿ, ನೋಡೋ!” ಅಂದರೆ ಒಲೆಯ ಮುಂದೆ ಕೂತು ನೋಡುವವ. ನೋಡಿ ಮುಗಿದ ಮೇಲೆ ಬಂದು, “ಛಲೋ ಉಕ್ಕಿತು ಬೇ, ಒಲಿ ಸೈತ ಆರಿತು,” ಅನ್ನುವವ. ವಯಸ್ಸು ಇಪ್ಪತ್ತೆರಡು. ಮೀಸೆಯೂ ಬಂದಿತ್ತು. ಏಳನೇ ಇಯತ್ತೆಯವರೆಗೆ ಕಲಿತಿದ್ದ, ಓದು ಬರುತ್ತಿತ್ತು. ಇದ್ದಷ್ಟನ್ನೇ ಓದುತ್ತಿದ್ದ.

ನಾಯಿಯ ಹೆಸರು ಬಾಣಿ. ಉದ್ದ ಮೂತಿ, ಹಿಡಿಯಷ್ಟು ನಡು, ಗೋಧಿ ಬಣ್ಣ. ಬಿಟ್ಟರೆ ಕಣ್ಣಿಗೆ ಸಿಗದ ಹಾಗೆ ಓಡುವ ತಳಿ. ದಿನವೆಲ್ಲ ಹಿಂಡಿನ ಸುತ್ತ ಸುತ್ತಿ ಸುತ್ತಿ, ರಾತ್ರಿ ಉಳಿದ ಗಂಜಿ ನೆಕ್ಕಿ ಮಲಗುವಳು. ಆ ವರ್ಷ ಐದು ಮರಿ ಹಾಕಿ, ಹಾಲೂಡಿಸಿ, ಸೊರಗಿ ಹಗ್ಗವಾಗಿದ್ದಳು.

ದೀಪಾವಳಿ ಕಳೆದು ಊರ ಸುತ್ತಿನ ಮೇವು ತೀರಿದ ಮೇಲೆ ಕುರಿಗಾರರೆಲ್ಲ ಹಿಂಡು ಕೂಡಿಸಿಕೊಂಡು ಹಸಿರಿದ್ದ ಸೀಮೆಗೆ ಹೊರಡುವುದು ರೂಢಿ. ಮುಂದಾಳು ಜಕ್ಕಪ್ಪಜ್ಜ. ಗುಡಾಣದಂಥ ಹೊಟ್ಟೆ, ಗುಡುಗಿನಂಥ ದನಿ. ಅವನು ಬೀರವ್ವನ ಅಂಗಳಕ್ಕೆ ಬಂದು ಬಾಣಿಯ ಪಕ್ಕೆ ಮೇಲೆ ಕೈಯಾಡಿಸಿದ.

“ಒಂದು, ಎರಡು, ಮೂರು, ನಾಕು, ಐದು, ಆರು! ಬೀರವ್ವಾ, ಏನವ್ವಾ ಇದು? ಓಡೂ ನಾಯಿಗಿ ಪಕ್ಕಡ್ಯಾಗ ಮೂರ ಎಲುಬು ಕಾಣಬೇಕು. ಆರು ಕಂಡ್ರ ಉಪವಾಸ ಅಂತ ಅರ್ಥ. ಒಂದೂ ಕಾಣಲಿಲ್ಲಂದ್ರ ತಿಂದು ಮಲಗೂ ಜಾತಿ, ತೋಳ ಬಂದ್ರ ಮೈ ಮುರೀತೈತಿ ಅಷ್ಟ.”

“ದುಡಿಯೂ ನಾಯಿ ಯಪ್ಪಾ. ಬಾಣಂತಿ ಬ್ಯಾರೆ.”

“ತೋಳಕ್ಕ ಹೇಳು ಅದನ್ನ. ಹ್ವಾದ ವರ್ಷ ಎಷ್ಟ ಮರಿ ಹ್ವಾದವು ನಿಂದು? ನಾಯಿ ಗಟ್ಟಿ ಇರಲಾರದ ಹಿಂಡ ನಾ ಕರಕೊಂಡು ಹೋಗಂಗಿಲ್ಲ. ಅಮಾಸಿಗಿ ಬರ್ತೀನಿ. ಹದಿನೈದ ದಿನ ಐತಿ. ಮೂರ ಅಂದ್ರ ಮೂರು! ಮೂರ ಎಲುಬು ಕಾಣಲಾರದ್ದು ಯಾವುದೂ ನನ್ನ ಸಂಗಾಟ ಒಂದ ಹೆಜ್ಜಿ ಬರೂದು ಬ್ಯಾಡ!”

ಕಟ್ಟೆಯ ಮೇಲೆ ಕೂತಿದ್ದ ಮಾಳ್ಯಾ ಬಾಯಿ ತೆರೆದು ಕೇಳಿದ. ಒಂದು ಅಕ್ಷರ ಬಿಡದ ಹಾಗೆ ಕೇಳಿದ.

ಬೀರವ್ವ ಲೆಕ್ಕ ಹಾಕಿದಳು. ಊರಲ್ಲೇ ಉಳಿದರೆ ಕುರಿಗಳಿಗೆ ಮೇವಿಲ್ಲ, ಮಾರದೆ ಗತಿಯಿಲ್ಲ. ಮಾರಿದರೆ ಕುರಿಯಿಲ್ಲದ ಬೀರವ್ವ ಯಾರು? ಅಂಥ ಹೊತ್ತಿನಲ್ಲೇ ಅಂಗಾಲಿಗೆ ಜಾಲಿಮುಳ್ಳು ಮುರಿದು, ಕಾಲು ಕುಂಬಳದಷ್ಟು ಬಾತು ಮೂಲೆ ಹಿಡಿದಿದ್ದಳು. ತಿರುಗಾಡಲು ಇದ್ದವನು ಮಾಳ್ಯಾ ಒಬ್ಬನೇ. ಶಿವನೇ!

“ಮಾಳ್ಯಾ, ಸಂತಿಗಿ ಹೋಗು. ಅಲ್ಲಿ ಅಂಗಡ್ಯಾಗ ನಾಯಿ ತಿನ್ನೂ ಚೀಲ ಬಂದಾವಂತ. ಚೀಲದ ಮ್ಯಾಲ ನಾಯಿ ಚಿತ್ರ ಇರತೈತಂತ. ಚಿತ್ರ ನೋಡಿ, ಸೋವಿ ಇದ್ರ ತಗೊಂಡು ಬಾ. ತುಟ್ಟಿ ಇದ್ರ ಬ್ಯಾಡ.”

“ಹಂಗ ಮಾಡ್ತೀನಿ ಬಿಡಬೇ!” ಅಂದ. ಮಾಡಿಯೇಬಿಟ್ಟ.

ಚೀಲದ ಮೇಲೆ ಚಿತ್ರವಿತ್ತು. ಆದರೆ ಬೆಲೆ ಕೇಳಿದರೆ ಒಂದು ಕುರಿಮರಿಯ ಬೆಲೆ! ತುಟ್ಟಿ ಬ್ಯಾಡ ಅಂದಿದ್ದಳು ಅವ್ವ. ಮಾಳ್ಯಾ ಯೋಚಿಸಿದ. ಮೂಲೆಯಲ್ಲಿ ಅಂಥದೇ ಚೀಲ ಮಡಿಚಿ ಬಿಸಾಕಿತ್ತು. ಅದೇ ಚಿತ್ರ, ಅದೇ ನಾಯಿ. ಅಂಗಡಿಯವ ನಗುತ್ತಾ ಬಿಟ್ಟಿ ಕೊಟ್ಟ.

“ಸೋವಿ ಅಂದ್ರ ಇಷ್ಟ ಸೋವಿ ಬೇ!” ಅಂತ ಕುಣಿಯುತ್ತಾ ಬಂದು ಖಾಲಿ ಚೀಲ ಹಾಸಿದ. ಬಾಣಿ ಮೂಸಿದಳು. ಸೀನಿದಳು. ಅದರ ಮೇಲೆ ಮಲಗಿದಳು.

ಬೀರವ್ವ ಹಣೆ ಹಣೆ ಬಡಿದುಕೊಂಡಳು. “ಏ ಹುಚ್ಚಪ್ಯಾಲಿ! ಒಳಗ ಏನೈತೋ ಇದರಾಗ?”

“ಏನಿಲ್ಲ ಬೇ. ನೀ ಮ್ಯಾಲಿಂದಷ್ಟ ಹೇಳಿದ್ದಿ. ಹಿಂದ ಏನೋ ಬರದಾರ, ಓದಲ್ಯಾ?” ಅಂತ ಓದಿದ: “ಜೋಳ, ಬ್ಯಾಳಿ, ತತ್ತಿ ಪುಡಿ, ಹಾಲಿನ ಪುಡಿ, ಮಾಂಸದ ಪುಡಿ…”

ಬೀರವ್ವ ಕಿವಿ ನಿಮಿರಿಸಿದಳು. ಜೋಳ ಕಣಜದಲ್ಲಿದೆ. ಬೇಳೆಯ ಬದಲು ಹುರಳಿ ಗಡಿಗೆಯಲ್ಲಿದೆ. ತತ್ತಿ ಪಕ್ಕದ ಓಣಿಯಲ್ಲಿ, ಮಜ್ಜಿಗೆ ನೀಲಗಂಗವ್ವನ ಮನೆಯಲ್ಲಿ. ಪುಡಿ ಮಾಡಿ, ಚೀಲಕ್ಕೆ ಹಾಕಿ, ಚಿತ್ರ ಅಂಟಿಸಿದ್ದಕ್ಕೆ ಒಂದು ಕುರಿಮರಿಯೇ? ಓಡುವ ನಾಯಿಗೆ ಹೊಟ್ಟೆಯಲ್ಲಿ ನಿಲ್ಲುವಂಥದ್ದು ಬೇಕು, ಗಂಜಿ ಒಂದು ಗಾವುದ ನಡೆದರೆ ಕರಗುತ್ತದೆ. ಇಷ್ಟು ತಿಳಿದ ಮೇಲೆ ಇನ್ನೇನು? ಖಾಲಿ ಚೀಲಕ್ಕೆ ಮನಸ್ಸಿನಲ್ಲೇ ಕೈಮುಗಿದಳು. ಮಗನಿಗೆ ಮಾತ್ರ ಬೈಯುವುದನ್ನು ಬಿಡಲಿಲ್ಲ.

“ಇನ್ನ ಮ್ಯಾಲ ಏನ ತಂದ್ರೂ ಹೊರಗಿನ ಚೆಂದ ನೋಡಬ್ಯಾಡ! ತೆರದು ಒಳಗ ಏನೈತಿ ನೋಡು. ನೋಡಿ ತಾ. ತಿಳೀತಿಲ್ಲೋ?”

“ತಿಳೀತು ಬೇ. ಹಂಗ ಮಾಡ್ತೀನಿ ಬಿಡು!”

ಮರುದಿನ ತತ್ತಿಗೆ ಕಳಿಸಿದಳು. ನಾಲ್ಕು ತತ್ತಿ. ಬಾಣಿಯೂ ಹಿಂದೆ ಹೋದಳು. ಬಂದಾಗ ಮಾಳ್ಯಾನ ಕೈ ಖಾಲಿ, ಬಾಣಿಯ ಮೂತಿ ಹಳದಿ.

“ತತ್ತಿ ಎಲ್ಲಿ?”

“ನೋಡಿದೆ ಬೇ! ನಾಕೂ ತೆರದು ನೋಡಿದೆ. ಒಂದೊಂದರಾಗ ಒಂದೊಂದು ಹಳದಿ ಐತಿ. ಒಂದರಾಗೂ ಮೋಸಿಲ್ಲ! ಭಾಳ ಸಾಚಾ ಮಂದಿ.”

“ಆಮ್ಯಾಲ?”

“ಆಮ್ಯಾಲ ಮುಚ್ಚಾಕ ಬರಲಿಲ್ಲ.”

ಬೀರವ್ವ ಹಣೆ ಹಣೆ ಬಡಿದುಕೊಂಡಳು. “ಯಪ್ಪಾ ದೇವರೇ, ಇವನ್ನ ಹಡೆಯೂ ಬದಲಿ ಇನ್ನೊಂದ ಕುರಿ ಸಾಕಬೇಕಿತ್ತು! ಅಂಥಾ ಸಾಮಾನು ಮೆತ್ತಗ ಅರಿವ್ಯಾಗ ಸುತ್ತಿ, ಗಂಟು ಕಟ್ಟಿ, ತಲಿ ಮ್ಯಾಲ ಇಟ್ಟಕೊಂಡು, ಹಗೂರಕ ನಡದು ಬರಬೇಕು!”

“ಹೌದಲ್ಲ! ಹಂಗ ಮಾಡ್ತೀನಿ ಬಿಡಬೇ!”

ಅಂದ. ಮಾಡಿಯೇಬಿಟ್ಟ. ಮರುದಿನ ಅವನನ್ನು ಕಳಿಸಿದ್ದು ನೀಲಗಂಗವ್ವನ ಮನೆಗೆ, ಉಳಿದ ಒಣ ಕಟಕ ರೊಟ್ಟಿ ಮತ್ತು ಮಜ್ಜಿಗೆ ತರಲು.

“ಮಜ್ಜಿಗಿಗಿ ಏನ ತಂದಿಯೋ ಮಾಳಪ್ಪಾ?” ಅಂದಳು ನೀಲಗಂಗವ್ವ.

“ಟಾವೆಲ್.”

“ಟಾವೆಲಿನ್ಯಾಗ ಮಜ್ಜಿಗಿ ಒಯ್ತಾರೇನೋ?”

“ನಮ್ಮವ್ವ ಹೇಳ್ಯಾಳ.”

ಬೀರವ್ವ ಹೇಳಿದ್ದಾಳೆಂದರೆ ಇನ್ನು ನಮ್ಮದೇನು ಅಂತ ನೀಲಗಂಗವ್ವ ಹುಯ್ದಳು. ಟಾವೆಲಿನಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಮಜ್ಜಿಗೆ, ಮಜ್ಜಿಗೆಯ ಮೇಲೆ ಗಂಟು. ತಲೆಯ ಮೇಲಿಟ್ಟು ಹಗೂರಕ, ಹಗೂರಕ ನಡೆದ. ಹಣೆಯ ಮೇಲೆ ಮಜ್ಜಿಗೆ, ಮೂಗಿನ ತುದಿಯಲ್ಲಿ ಮಜ್ಜಿಗೆ, ಮೀಸೆಯಲ್ಲಿ ಮಜ್ಜಿಗೆ. ಬಾಣಿ ಹಿಂದಿನಿಂದ ನೆಗೆನೆಗೆದು ಬೆನ್ನು ನೆಕ್ಕಿದಳು. ಅಂಗಳಕ್ಕೆ ಬಂದು ಗಂಟು ಇಳಿಸಿದ್ದೇ ತಡ, ನೆನೆದು ಮೆತ್ತಗಾದ ರೊಟ್ಟಿ ಅಷ್ಟನ್ನೂ ಗಬಗಬ ತಿಂದು ಟಾವೆಲನ್ನೂ ಒಂದು ತುದಿ ತಿಂದಳು.

ಬೀರವ್ವ ಹಣೆ ಹಣೆ… ಇನ್ನು ಹಣೆಯಲ್ಲಿ ಜಾಗವಿರಲಿಲ್ಲ, ತೊಡೆ ಬಡಿದುಕೊಂಡಳು. “ಮಂಗ್ಯಾ! ಗಡಿಗ್ಯಾಗ ಹಾಕಬೇಕು! ಮ್ಯಾಲ ಮುಚ್ಚಬೇಕು! ನಾಯಿ ಬಾಯಿಗಿ ನಿಲುಕಲಾರದಂಗ ನೆಲುವಿನಾಗ ತೂಗಹಾಕಬೇಕು! ತಿಳೀತ?”

“ತಿಳೀತು ಬೇ. ಗಡಿಗಿ, ಮುಚ್ಚಳ, ನೆಲುವು. ಹಂಗ ಮಾಡ್ತೀನಿ ಬಿಡು!”

ಇನ್ನು ಇವನನ್ನು ಎಲ್ಲಿಗೂ ಕಳಿಸುವುದೇ ಬೇಡ ಅಂತ ಬೀರವ್ವ ತಾನೇ ಒಲೆಯ ಮುಂದೆ ಕೂತಳು. ನೀಲಗಂಗವ್ವನ ಕೈಯಿಂದ ದಿನಾ ಮಜ್ಜಿಗೆ ತರಿಸಿಕೊಂಡಳು. ಹುರಳಿ ಬೇಯಿಸಿ, ಜೋಳದ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ಕಲಸಿದಳು. ಖಾರವಿಲ್ಲ, ಉಳ್ಳಾಗಡ್ಡಿಯಿಲ್ಲ. ಎರಡು ದಿನಕ್ಕೊಮ್ಮೆ ಒಂದು ತತ್ತಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಕಲಸಿ ಮಗನ ಕೈಗೆ ಕೊಟ್ಟು, “ಬಾಣಿ ಪಾಲು, ಒಯ್ಯಿ,” ಅನ್ನುವಳು. ಒಳಗಿನಿಂದಲೇ ಕೂಗುವಳು.

“ಉಂಡಳೇನೋ?”

“ಇನ್ನಾ ಇಲ್ಲ ಬೇ!”

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಧಡ್! ಅಂತ ಸದ್ದು.

“ಉಂಡಳೇನೋ?”

“ಈಗ ಉಣ್ಣಾಕ ಹತ್ಯಾಳ ಬೇ!”

ಹೀಗೆ ದಿನಾ ಎರಡು ಸಲ, ಹತ್ತು ದಿನ. ದಿನಾ ಧಡ್, ದಿನಾ ಧಡ್. ಏನು ಸದ್ದು ಅಂತ ಹನ್ನೊಂದನೇ ದಿನ ಬೀರವ್ವ ಕುಂಟುತ್ತಾ ಹೊರಗೆ ಬಂದು ನೋಡಿದರೆ, ಬಾಣಿಯ ಊಟ ತಗಡಿನ ಗಡಿಗೆಯಲ್ಲಿ, ಗಡಿಗೆಯ ಮೇಲೆ ಮುಚ್ಚಳ, ಎಲ್ಲ ಬೇವಿನ ಕೊಂಬೆಯ ನೆಲುವಿನಲ್ಲಿ! ಕೆಳಗಿನಿಂದ ಬಾಣಿ ನೆಗೆಯುತ್ತಿದ್ದಾಳೆ. ಆಳೆತ್ತರ ನೆಗೆಯುತ್ತಿದ್ದಾಳೆ. ಗಡಿಗೆ ಬಿತ್ತು, ಧಡ್!

“ಏನೋ ಇದು! ನಾಯಿ ಊಟ ನಾಯಿಗಿ ನಿಲುಕಲಾರದಂಗ ಇಡತಾರೇನೋ?”

“ನೀನ ಹೇಳಿದೆಲ್ಲ ಬೇ! ನಾ ಎಷ್ಟ ಮ್ಯಾಲ ಕಟ್ಟಿದ್ರೂ ಇಕಿ ನಿಲುಕಿಸಿಕೊಳ್ಳತಾಳ. ನಾ ಏನ ಮಾಡ್ಲಿ? ನಿನ್ನಿ ಇನ್ನೊಂದ ಮೊಳ ಏರಿಸೀನಿ.”

ಬೀರವ್ವ ಅಳುವುದೋ ನಗುವುದೋ ತಿಳಿಯದೆ ಕಟ್ಟೆಯ ಮೇಲೆ ಕುಸಿದಳು. “ನಾಡದ ಅಮಾಸಿ. ಅಜ್ಜ ಬರ್ತಾನ. ನನ್ನ ನಲವತ್ತ ಕುರಿ ಈ ನಾಯಿ ಪಕ್ಕಡಿ ಮ್ಯಾಲ ನಿಂತಾವೋ ಮಾಳ್ಯಾ. ಮೂರ ಎಲುಬು ಕಾಣಬೇಕು. ಹೆಂಗರ ಮಾಡು, ಮೂರ ಕಾಣೂ ಹಂಗ ಮಾಡು!”

“ಇಷ್ಟ ಏನ? ಹಂಗ ಮಾಡ್ತೀನಿ ಬಿಡಬೇ!”

ಅಮಾಸೆಯ ಮುಂಜಾನೆ ಜಕ್ಕಪ್ಪಜ್ಜ ಬಂದ. ಬಾಣಿಯನ್ನು ಕರೆದ. ಬಂದಳು. ಅವಳ ಎರಡೂ ಪಕ್ಕೆಯ ಮೇಲೆ, ಕುರಿಗೆ ಗುರುತು ಹಾಕುವ ಕೆಂಪು ಕಾವಿಯಲ್ಲಿ, ಹೆಬ್ಬೆರಳಷ್ಟು ದಪ್ಪ ಮೂರು ಗೀಟು!

ಬೀರವ್ವನಿಗೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಹ್ವಾದವು ಕುರಿ. ಹ್ವಾದವು.

“ಇದೇನೋ?” ಅಂದ ಅಜ್ಜ.

“ಮೂರ ಎಲುಬು,” ಅಂದ ಮಾಳ್ಯಾ. “ಎಣಿಸಿಕೋ ಬೇಕಾದ್ರ.”

ಅಜ್ಜ ಬೆರಳು ನೆನೆಸಿ ಒಂದು ಗೀಟು ಉಜ್ಜಿದ. ಕೆಳಗೆ ಎಲುಬು. ಇನ್ನೊಂದು ಉಜ್ಜಿದ. ಕೆಳಗೆ ಎಲುಬು. ಮೂರನೆಯದು ಉಜ್ಜಿದ. ಎಲುಬು! ನಾಲ್ಕನೆಯದಕ್ಕೆ ಒತ್ತಿ ಒತ್ತಿ ಹುಡುಕಿದ, ಮಾಂಸವೇ ಮಾಂಸ. ತೊಡೆ ಮುಟ್ಟಿದ, ಕಲ್ಲು!

“ಬೀರವ್ವಾ! ಏನ ಹಾಕಿದಿ ಇದಕ್ಕ? ಯಾವ ಔಷಧ?”

“ಜ್ವಾಳ, ಹುರಳಿ, ಮಜ್ಜಿಗಿ ಯಪ್ಪಾ,” ಅಂದಳು ಬೀರವ್ವ. “ನಡುನಡುವ ತತ್ತಿ.”

“ಮತ್ತ ತೊಡಿ?”

ಬೀರವ್ವ ಬೇವಿನ ಕೊಂಬೆ ನೋಡಿದಳು. ಮಗನನ್ನು ನೋಡಿದಳು. “ದಿನಾ ಎರಡ ಸಲ ಕುಣಸ್ಯಾನ,” ಅಂದಳು. ಮಗನ ಮೇಲೆ ಮೊದಲ ಸಲ ಅವಳಿಗೆ ಹೆಮ್ಮೆಯಂಥದೇನೋ ಬಂತು. ಹೆಚ್ಚು ಹೊತ್ತು ನಿಲ್ಲಲಿಲ್ಲ, ಆ ಮಾತು ಬೇರೆ.

“ಆತು! ಸಂಜಿಗಿ ಹೊಂಡೂಣು. ನಿನ್ನ ಹಿಂಡೂ ಬರಲಿ. ಮಾಳ್ಯಾ, ನೀನೂ ಬಾ. ಎಲ್ಲಾ ತಯಾರ ಮಾಡು,” ಅಂದ ಅಜ್ಜ. ಬೀರವ್ವ ಕಣ್ಣೊರೆಸಿಕೊಂಡು ಹೋಳಿಗೆ ಬಡಿಸಿದಳು. ಎಂಟು ಹೋಳಿಗೆ ಉಂಡು, ಸೆಕೆಗೆ ಅಂಗಿ ಕಳಚಿ, ಬೇವಿನ ಕೆಳಗೆ ಅಜ್ಜ ಗೊರಕೆ ಹೊಡೆದ. ಮಾಳ್ಯಾ ಕಾವಿಯ ಬಟ್ಟಲು ತೆಗೆದುಕೊಂಡು ದೊಡ್ಡಿಗೆ ಹೋದ.

ಸಂಜೆಗೆ ಬೀರವ್ವ ಬುತ್ತಿ ಕಟ್ಟಿಕೊಂಡು ಹೊರಗೆ ಬಂದಳು. ನಿಂತಲ್ಲೇ ನಿಂತಳು. ನಲವತ್ತು ಕುರಿ, ನಲವತ್ತಕ್ಕೂ ಪಕ್ಕೆಯ ಮೇಲೆ ಮೂರು ಮೂರು ಗೀಟು. ಬುತ್ತಿ ಹೊರುವ ಕತ್ತೆಗೆ ಮೂರು ಗೀಟು. ಮಾಳ್ಯಾ ಅಂಗಿ ಮೇಲೆತ್ತಿ ನಿಂತಿದ್ದಾನೆ, ಅವನಿಗೂ ಮೂರು.

ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಬೇವಿನ ಕೆಳಗೆ ಜಕ್ಕಪ್ಪಜ್ಜ ಆಕಳಿಸುತ್ತಾ ಎದ್ದು ಕೂತ. ಗುಡಾಣದಂಥ ಆ ಹೊಟ್ಟೆಯ ಎರಡೂ ಬದಿಗೆ ಕೆಂಪಗೆ, ಎಳೆಎಳೆಯಾಗಿ, ಒಂದು, ಎರಡು, ಮೂರು!

“ಏನೋ ಮಾಡಿದಿ ನನಗ!” ಅಂತ ಗುಡುಗಿದ ಅಜ್ಜ.

“ಸಿಟ್ಟಾಗಬ್ಯಾಡ ಅಜ್ಜಾ,” ಅಂದ ಮಾಳ್ಯಾ ಮೆಲ್ಲಗೆ, ದೊಡ್ಡವರಿಗೆ ತಿಳಿಹೇಳುವ ಹಾಗೆ. “ಮೂರ ಎಲುಬು ಕಾಣಲಾರದ್ದು ಯಾವುದೂ ಬರೂದು ಬ್ಯಾಡ ಅಂದಿದ್ದಿ. ನಾ ಎಲ್ಲಾರದೂ ನೋಡಿದೆ. ನಿಂದು ಹುಡುಕಿ ಹುಡುಕಿ ಸಾಕಾತು, ಒಂದೂ ಸಿಗಲಿಲ್ಲ. ನಿನ್ನ ಇಲ್ಲೇ ಬಿಟ್ಟು ಹ್ವಾದ್ರ ನಮಗ ದಾರಿ ತೋರಸವರು ಯಾರು?”

ಇಷ್ಟು ಹೇಳಿ ಕಲ್ಲವ್ವ ಹೊತ್ತಿದ ರೊಟ್ಟಿಯನ್ನು ನಮ್ಮ ತಾಟಿಗೆ ಒಗೆಯುತ್ತಿದ್ದಳು. ನಾನು ಕೇಳಿದಷ್ಟು ಹೇಳಿದೆ. ಈಗ ಇದು ನಿಮ್ಮದು, ಸಿಕ್ಕವರಿಗೆ ಹೇಳಿ, ನಾಯಿ ಸಾಕಿದವರಿಗೆ ಮೊದಲು ಹೇಳಿ. ಹೋಳಿಗೆ ಬೇಕಾದರೆ ಹತ್ತು ಮಾಡಿ, ಕುರಿ ನೂರು ಮಾಡಿ. ಎಲುಬು ಮಾತ್ರ ಮೂರೇ ಇರಲಿ.